ವಜ್ರಮುನಿ ಸಿಗದಿದ್ದರೆ?

2019ರ ‘ಬೀರ್‌ಬಲ್’ ನನಗಿಷ್ಟದ ಸಿನಿಮಾ. ಮಾಡದ ಕೊಲೆಗೆ ಜೈಲು ಕಂಡವನ ಪರ ವಕೀಲನೊಬ್ಬ ಓಡಾಡುವ ಕತೆ, ಎಂ.ಜಿ. ಶ್ರೀನಿವಾಸ್ ತಾವೇ ನಿರ್ದೇಶಿಸಿ, ತಾವೇ ಕರಿಕೋಟು ಹಾಕಿದ್ದಾರೆ. ಆದ್ರೂ ಒಂದು ತಕರಾರಿದೆ. ‘ಫೈಂಡಿಂಗ್ ವಜ್ರಮುನಿ’ ಅನ್ನೋ ಅಡಿಬರಹದಂತೆ, ಅಸಲಿ ವಿಲನ್ ಸಿಕ್ಕರಷ್ಟೇ ಇವನು ನಿರಪರಾಧಿ ಅಂತ ನಾವು ನಂಬೋದು. ಮುಗಿದ ಕೇಸನ್ನು ಮತ್ತೆ ತೆರೆಯೋಕೆ ಹೊಸ ಸಾಕ್ಷ್ಯ ಬೇಕು, ಒಪ್ಪಿದೆ. ಆದರೆ ಮೊದಲ ವಿಚಾರಣೆಯಲ್ಲಿ ಕೊಂದವರನ್ನು ಹುಡುಕಿಕೊಡೋದು ಆರೋಪಿಯ ಕೆಲಸವೇ ಅಲ್ಲ. ಇವನೇ ಕೊಂದ ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕಾದ್ದು ಸರ್ಕಾರ.

ಕುಶಾಲನಗರ ಕಡೆಯ ಆದಿವಾಸಿಯೊಬ್ಬ ಹೆಂಡತಿಯನ್ನು ಕೊಂದ ಆರೋಪದಲ್ಲಿ ಸುಮಾರು ಒಂದೂವರೆ ವರ್ಷ ಜೈಲಲ್ಲಿದ್ದ. ಸಿಕ್ಕಿದ್ದ ಅಸ್ಥಿಪಂಜರದ ಡಿಎನ್ಎ ತಾಳೆಯಾಗಲಿಲ್ಲ. ಕೇಸು ಮಾತ್ರ ನಡೀತಾನೇ ಇತ್ತು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಂಡಳು. ಆಮೇಲೆ ಖುಲಾಸೆ, 1 ಲಕ್ಷ ರೂಪಾಯಿ ಪರಿಹಾರ.

ಕನಕಪುರದ ಟೀ ಅಂಗಡೀಲಿ ಈ ಸುದ್ದಿ ತೆಗೆದರೆ ದೊಡ್ಡಪ್ಪನ ಮಗ, ‘ಪೊಲೀಸ್ನೋರು ಸುಮ್‌ಸುಮ್ನೆ ಹಿಡ್ಕೊಂಡೋಯ್ತಾರಾ ಅಂತಿದ್ದೆ, ಪಾಪ ಕಣ್ಲಾ’ ಅಂದ.

‘ಅವ್ಳು ಆ ಹೋಟ್ಲಿಗೆ ಬರ್ದೇ ಇದ್ದಿದ್ರೆ?’

‘ಆಗ ಅವ್ನೇ ಕೊಂದಿರ್ತಿದ್ದ ಬುಡು’ ಅಂದ.