ನಂಜುಂಡಪ್ಪನವರ ಪಟ್ಟಿಯಲ್ಲಿ ನಮ್ಮ ಹೊಲ

ನಮ್ಮ ಸಾಸ್ವೆಹಳ್ಳಿ ಕಡೆ ಯಾವ ಪಕ್ಷದವರು ಭಾಷಣಕ್ಕೆ ನಿಂತರೂ ಒಬ್ಬ ಅರ್ಥಶಾಸ್ತ್ರಜ್ಞರ ಹೆಸರು ಬಂದೇ ಬರುತ್ತೆ: ಡಾ. ಡಿ.ಎಂ. ನಂಜುಂಡಪ್ಪ. ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಯಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ಕೆಲಸ ಮಾಡಿದ ಮೇಷ್ಟ್ರು.

2002ರ ಅವರ ಸಮಿತಿಯ ವರದಿಯನ್ನು ನಾನು ಓದಿದ್ದು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಕೋಡ್ ಬರೆಯೋನಿಗೆ ಖುಷಿ ಕೊಡುವ ಲೆಕ್ಕ. 35 ಸೂಚಕಗಳು, ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲೂಕು. ಬೆಂಗಳೂರು ದಕ್ಷಿಣ 1.96, ದೇವದುರ್ಗ 0.53. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 59 ಉತ್ತರದವು, 55 ದಕ್ಷಿಣದವು. ಉತ್ತರ-ದಕ್ಷಿಣ ಅಂತಲೇ ನಡೆಯುತ್ತಿದ್ದ ಜಗಳವನ್ನು ಅವರು ತಾಲೂಕಿನ ಮಟ್ಟಕ್ಕೆ ಇಳಿಸಿದರು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಅದೇ. ನಮ್ಮ ಹೊನ್ನಾಳಿ, ಪಕ್ಕದ ಚನ್ನಗಿರಿ ಲೆಕ್ಕಕ್ಕೆ ಬಂದದ್ದು ಹಾಗೆ.

ತಕರಾರು ಇರೋದು ಅವರು ತಾಲೂಕಿಗೇ ನಿಂತುಬಿಟ್ಟರಲ್ಲ, ಅಲ್ಲಿ. ಚನ್ನಗಿರಿಯಲ್ಲಿ ಭದ್ರಾ ನಾಲೆ ಕೆಳಗಿನ ಅಡಿಕೆ ತೋಟವೂ ಇದೆ, ಮಳೆ ನಂಬಿಕೊಂಡ ಮೆಕ್ಕೆಜೋಳದ ಹೊಲವೂ ಇದೆ. ಸರಾಸರಿ ಹಾಕಿದರೆ ಎರಡೂ ಹಿಂದುಳಿದವೇ. ಹಾಗಂತ ವರದಿ ಹಿಡಿದು ಬಂದ ದುಡ್ಡು ಯಾವ ಕಡೆ ಇಳಿಯಿತು?

ಅಪ್ಪನಿಗೆ ಫೋನಲ್ಲಿ ಇದನ್ನೆಲ್ಲ ವಿವರಿಸಿದೆ. "ನಮ್ಮ ಹೊಲ ಪಟ್ಟೀಲಿ ಐತೇನಪ್ಪ?" ಅಂದ್ರು. ಇಲ್ಲ, ತಾಲೂಕು ಮಾತ್ರ ಅಂದೆ. "ಬೋರ್ ಬತ್ತಿರೋದು ನಮ್ದು ಕಣೋ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನು ದುಡ್ಡಿನ ಮಾತು. ಎಂಟು ವರ್ಷಕ್ಕೆ 31,000 ಕೋಟಿ ಅಂತ ಸಮಿತಿ ಹೇಳಿತ್ತು. ಅದರಲ್ಲಿ 15,000 ಕೋಟಿ ಮಾಮೂಲಿ ಬಜೆಟ್ಟಿನದೇ, ಹೆಚ್ಚುವರಿ 16,000. ಇಂಥ ಹಂಚಿಕೆಯಲ್ಲಿ ಹಳೇ ಕಾಮಗಾರಿಗೇ ಹೊಸ ಬೋರ್ಡ್ ಹಾಕೋದು ಯಾವ ಇಲಾಖೆಗೂ ಕಷ್ಟವಲ್ಲ. ಆಡಳಿತವನ್ನು ಅಷ್ಟು ಹತ್ತಿರದಿಂದ ಕಂಡವರು ಈ ಸಂದಿಯನ್ನು ಮುಚ್ಚಬೇಕಿತ್ತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಪ್ರಶ್ನೆ ಕೇಳಲು ಆಗ ಅವರೂ ಇರಲಿಲ್ಲ, 2005ರಲ್ಲೇ ತೀರಿಕೊಂಡಿದ್ದರು.

2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯಾಯಿತು. ನ್ಯಾಮತಿ ಈಗ ಬೇರೆ ತಾಲೂಕು, ಹಳೇ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಹೊಸ ವರದಿಯಲ್ಲಿ ನಾನು ಮೊದಲು ಹುಡುಕೋದು ನ್ಯಾಮತಿಯ ಅಂಕಿಯನ್ನಲ್ಲ, ಗ್ರಾಮ ಪಂಚಾಯ್ತಿವಾರು ಕಾಲಂ ಒಂದಾದರೂ ಇದೆಯಾ ಅಂತ.