ಮೊದಲು ಹಬೆ, ಆಮೇಲೆ ಕತ್ತರಿ

ಫೆಲ್ಟ್ ಹ್ಯಾಟ್ ಕೊಂಡವರ ದೂರು ಬಹುತೇಕ ಒಂದೇ: ಬ್ರಿಮ್ ಅಗಲವಾಯಿತು. ಅಂಗಡಿಯಲ್ಲಿ ಒಪ್ಪಿದ್ದ ಹ್ಯಾಟು ಮನೆಯ ಕನ್ನಡಿಯಲ್ಲಿ ಮುಖವನ್ನೇ ನುಂಗಿದಂತೆ ಕಾಣುತ್ತದೆ. ಸುತ್ತಲೂ ಅರ್ಧ ಇಂಚು ತೆಗೆದರೆ ಸರಿಹೋದೀತು ಎಂದು ಕೈ ಕತ್ತರಿಯ ಕಡೆ ಹೋಗುತ್ತದೆ. ಹೋಗಲಿ, ಆದರೆ ಎಲ್ಲಕ್ಕಿಂತ ಕೊನೆಗೆ ಹೋಗಲಿ. ನಾನು ಕೈಯಲ್ಲಿ ಹಿಡಿದು ನೋಡಿದ ಹ್ಯಾಟುಗಳಲ್ಲಿ ಹೆಚ್ಚಿನವುಗಳ ತೊಂದರೆ ಅಗಲದ್ದಲ್ಲ, ಬ್ರಿಮ್ ಕೂತಿರುವ ರೀತಿಯದು.

ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್‌ಗಳು 2025ರವರೆಗೂ ಹಾಕುತ್ತಿದ್ದ ಸ್ಲೋಚ್ ಹ್ಯಾಟನ್ನು ನೆನಪಿಸಿಕೊಳ್ಳಿ. ಒಂದು ಪಕ್ಕ ಮೇಲಕ್ಕೆ ಮಡಚಿ ನಿಂತಿರುತ್ತಿತ್ತು, ಇನ್ನೊಂದು ಪಕ್ಕ ಚಪ್ಪಟೆ. ಎಡದಿಂದ ನೋಡಿದರೆ ಒಂದು ಹ್ಯಾಟು, ಬಲದಿಂದ ನೋಡಿದರೆ ಇನ್ನೊಂದು. ಫೆಡೋರಾದಲ್ಲೂ ಅಷ್ಟೇ. ಎರಡೂವರೆ ಇಂಚಿನ ಬ್ರಿಮ್ಮನ್ನು ಮುಂದೆ ಬಾಗಿಸಿ ಹಿಂದೆ ಎತ್ತಿದರೆ ಒಂದು ಮುಖ, ಸುತ್ತಲೂ ಚಪ್ಪಟೆ ಬಿಟ್ಟರೆ ಬೇರೆಯೇ ಮುಖ. ಆದ್ದರಿಂದ ಮೊದಲು ಹಬೆ ಕೊಟ್ಟು ರೂಪ ಬದಲಿಸಿ, ಒಂದು ವಾರ ಹಾಕಿ ನೋಡಿ. ಅರ್ಧಕ್ಕರ್ಧ ಜನಕ್ಕೆ ಕತ್ತರಿಯ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ನಂಬಿಕೆ.

ಇದೆಲ್ಲ ಮನೆಯಲ್ಲೇ ಸಾಧ್ಯವಾಗುವುದು ಫೆಲ್ಟಿನ ಗುಣದಿಂದ. ಫೆಲ್ಟನ್ನು ನೇಯುವುದಿಲ್ಲ, ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕುರಿಯ ಉಣ್ಣೆಯನ್ನೋ ಮೊಲ, ಬೀವರ್‌ಗಳ ತುಪ್ಪಳವನ್ನೋ ಬಿಸಿನೀರಿನಲ್ಲಿ ಅದುಮಿ ಉಜ್ಜಿದಾಗ ಕೂದಲಿನ ಮೈಮೇಲಿನ ಸಣ್ಣ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಹಾಗಾಗಿ ಎಲ್ಲಿ ಕತ್ತರಿಸಿದರೂ ನೂಲು ಬಿಚ್ಚಿಕೊಳ್ಳುವುದಿಲ್ಲ. ಇನ್ನು ಬ್ರಿಮ್ ಬಿರುಸಾಗಿ ನಿಲ್ಲಲು ಹ್ಯಾಟು ಮಾಡುವವರು ಹಿಂದಿನಿಂದಲೂ ಬಳಸಿದ್ದು ಅರಗನ್ನು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಏರುವುದೂ ಅರಗಿನಿಂದಲೇ. ಚರಕಿಯಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ, ತಣಿದ ಮೇಲೆ ಗಟ್ಟಿಯಾಗುತ್ತದೆ. ಹ್ಯಾಟಿನಲ್ಲೂ ಇದೇ ನಡೆಯುತ್ತದೆ. ಬಿಸಿ ಹಬೆಗೆ ಬ್ರಿಮ್ ಮೆತ್ತಗಾಗುತ್ತದೆ, ಕೈಯಲ್ಲಿ ಕೊಟ್ಟ ಬಾಗನ್ನು ಹಿಡಿದುಕೊಂಡು ತಣಿಯುತ್ತದೆ. ತಣಿಯುವ ತನಕ ಕೈ ಬಿಡದಿರುವುದೇ ಇಲ್ಲಿನ ಕಸುಬು.

ಹಬೆಗೆ ಕೆಟಲ್ ಇದ್ದರೆ ಒಳ್ಳೆಯದು, ಮೂತಿಯಿಂದ ಒಂದೇ ಕಡೆಗೆ ಬರುತ್ತದೆ. ಮೂತಿಯಿಂದ ಒಂದು ಗೇಣು ದೂರದಲ್ಲಿ ಹ್ಯಾಟನ್ನು ಆಡಿಸುತ್ತಾ ಹಿಡಿಯಬೇಕು. ಒಳಗಿನ ಚರ್ಮದ ಬೆವರುಪಟ್ಟಿಗೆ ಹಬೆ ತಾಗಿಸಬೇಡಿ. ಬಿಸಿಗೆ ಚರ್ಮ ಮುದುಡಿದರೆ ಹ್ಯಾಟು ತಲೆಗೆ ಬಿಗಿಯಾಗಿಬಿಡುತ್ತದೆ. ಉಣ್ಣೆಯ ಫೆಲ್ಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಹೆಚ್ಚು ಹಬೆ ಕುಡಿದರೆ ಅದೂ ಕುಗ್ಗುತ್ತದೆ. ತುಪ್ಪಳದ ಫೆಲ್ಟು ಮಾತ್ರ ಎಷ್ಟು ಸಲ ತಿದ್ದಿದರೂ ತಾಳಿಕೊಳ್ಳುತ್ತದೆ. ಬ್ರಿಮ್ಮನ್ನು ಪೂರಾ ಚಪ್ಪಟೆ ಮಾಡಬೇಕಿದ್ದರೆ ಹ್ಯಾಟನ್ನು ತಲೆಕೆಳಗು ಮಾಡಿ, ಕ್ರೌನು, ಅಂದರೆ ತಲೆ ಕೂರುವ ಭಾಗ, ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿರುವಂತೆ ಹಿಡಿದು, ಬ್ರಿಮ್ಮನ್ನು ಸ್ವಲ್ಪ ಸ್ವಲ್ಪವೇ ಮೇಜಿನ ಮೇಲೆ ಹರಡಿ. ಮೇಲೆ ಒದ್ದೆ ಪಂಚೆಯ ತುಂಡು ಹಾಸಿ ಇಸ್ತ್ರಿ ಒತ್ತಿ, ಎತ್ತಿ, ಪಕ್ಕಕ್ಕೆ ಹೋಗಿ. ಎಳೆಯಬಾರದು. ಬರೀ ಇಸ್ತ್ರಿ ತಗುಲಿದ ಜಾಗ ಮಿರಮಿರ ಹೊಳೆಯುತ್ತದೆ.

ಇಷ್ಟೆಲ್ಲ ಆದಮೇಲೂ ಅಗಲ ಅನ್ನಿಸಿದರೆ ಕತ್ತರಿಸೋಣ. ಹ್ಯಾಟು ತಯಾರಕರಲ್ಲಿ ರೌಂಡಿಂಗ್ ಜ್ಯಾಕ್ ಎಂಬ ಉಪಕರಣವಿದೆ. ಅದರ ಒಂದು ತುದಿ ಕ್ರೌನಿನ ಬುಡಕ್ಕೆ ಒರಗಿ ಸುತ್ತುತ್ತದೆ, ಇನ್ನೊಂದು ತುದಿಯ ಅಲಗು ಅಷ್ಟೇ ದೂರದಲ್ಲಿ ಬ್ರಿಮ್ಮನ್ನು ಕೊಯ್ಯುತ್ತದೆ. ಅದರಿಂದ ಕಲಿಯಬೇಕಾದ್ದು ಇಷ್ಟು: ಅಳತೆ ಕ್ರೌನಿನ ಬುಡದಿಂದ ಆಗಬೇಕು, ಹೊರಗಿನ ಅಂಚಿನಿಂದಲ್ಲ. ಹಳೆಯ ಅಂಚು ಎಲ್ಲಾದರೂ ಸೊಟ್ಟಗಿದ್ದರೆ ಅಲ್ಲಿಂದ ಅಳೆದು ಹೋದ ಹೊಸ ಅಂಚೂ ಅಲ್ಲಿ ಸೊಟ್ಟಗೇ ಬರುತ್ತದೆ. ಬುಡವನ್ನು ಸುತ್ತಿರುವ ರಿಬ್ಬನ್ನಿನ ಒಂದೆರಡು ಹೊಲಿಗೆ ಬಿಚ್ಚಿ ಅದನ್ನು ಮೇಲಕ್ಕೆ ಸರಿಸಿ. ಇಲ್ಲವಾದರೆ ಗಂಡಸರ ಹ್ಯಾಟಿನಲ್ಲಿ ಎಡಗಡೆಗಿರುವ ಗಂಟಿನ ಹತ್ತಿರ ಗೆರೆ ಹೊರಕ್ಕೆ ಉಬ್ಬುತ್ತದೆ. ದಪ್ಪ ರಟ್ಟಿನ ಪಟ್ಟಿಯಲ್ಲಿ ಬೇಕಾದ ದೂರಕ್ಕೆ ತೂತು ಮಾಡಿ, ಅದರಲ್ಲಿ ದರ್ಜಿಯ ಸೀಮೆಸುಣ್ಣದ ಪೆನ್ಸಿಲ್ ತೂರಿಸಿ, ಪಟ್ಟಿಯ ತುದಿಯನ್ನು ಬುಡಕ್ಕೆ ಒತ್ತಿ ಹಿಡಿದು ಒಂದು ಸುತ್ತು ಬನ್ನಿ.

ಸುತ್ತಲೂ ಒಂದೇ ಅಳತೆ ಇರಬೇಕೆಂಬ ಕಟ್ಟುಪಾಡಿಲ್ಲ. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದಲ್ಲಿ ಹ್ಯಾರಿಸನ್ ಫೋರ್ಡ್ ಹಾಕಿದ ಹ್ಯಾಟು ಲಂಡನ್ನಿನ ಹರ್ಬರ್ಟ್ ಜಾನ್ಸನ್ ಅಂಗಡಿಯದು. ಅದರ ಬ್ರಿಮ್ಮನ್ನು ಆ ಪಾತ್ರಕ್ಕೆಂದೇ ಕತ್ತರಿಸಿ ತಿದ್ದಿ, ಹಿಂದುಮುಂದಿಗಿಂತ ಪಕ್ಕಗಳಲ್ಲಿ ಕಿರಿದಾಗಿಸಿದರು. ಕಣ್ಣಿಗೆ ನೆರಳೂ ಉಳಿಯಿತು, ಪಕ್ಕದಿಂದ ಮುಖವೂ ಕಾಣುವಂತಾಯಿತು. ಕಾಲು ಇಂಚಿನ ಅಂತರ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನಿಮ್ಮದು ಅಗಲ ಮುಖವಲ್ಲವಾದರೆ ಇದನ್ನೇ ಮಾಡಿನೋಡಿ.

ಕತ್ತರಿ ಉದ್ದ ಅಲಗಿನದಿರಲಿ, ಬಟ್ಟೆಗೇ ಮೀಸಲಿಟ್ಟದ್ದಾಗಿರಲಿ. ಅಲಗುಗಳನ್ನು ತುದಿಯವರೆಗೆ ಮುಚ್ಚದೆ, ಬಲಗೈ ನಿಂತಲ್ಲೇ ನಿಂತು ಎಡಗೈ ಹ್ಯಾಟನ್ನು ಕತ್ತರಿಯೊಳಕ್ಕೆ ತಿರುಗಿಸುತ್ತಾ ಹೋಗಬೇಕು. ಪ್ರತಿ ಸಲ ಬಾಯಿ ಮುಚ್ಚಿದಲ್ಲಿ ಅಂಚಿನಲ್ಲಿ ಒಂದು ಮೂಲೆ ಉಳಿಯುತ್ತದೆ. ಉಳಿದ ಸಣ್ಣಪುಟ್ಟ ಏರಿಳಿತ ನಯವಾದ ಮರಳುಕಾಗದದಿಂದ, 400ನೇ ನಂಬರಿನದಾದರೆ ಸಾಕು, ಒಂದೇ ದಿಕ್ಕಿನಲ್ಲಿ ಸವರಿದರೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಅಂದುಕೊಂಡದ್ದರ ಅರ್ಧ ಮಾತ್ರ ತೆಗೆಯಿರಿ. ಹಿಂಭಾಗದ ಸುರುಳಿ ಇರುವುದೇ ಹೊರಗಿನ ಒಂದಿಂಚಿನಲ್ಲಿ. ಅಗಲದ ಜೊತೆ ಅದೂ ಹೋಗುತ್ತದೆ, ಅದನ್ನು ಮತ್ತೆ ಹಬೆ ಕೊಟ್ಟೇ ತಂದುಕೊಳ್ಳಬೇಕು. ಕತ್ತರಿಸಿ ಬಂದ ಫೆಲ್ಟಿನ ಬಳೆಯನ್ನು ಎಸೆಯಬೇಡಿ. ಹಬೆ, ಇಸ್ತ್ರಿ, ಮರಳುಕಾಗದ ಎಲ್ಲಕ್ಕೂ ಅದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳಬಹುದು.

ಅಂಚಿಗೆ ರಿಬ್ಬನ್ ಕಟ್ಟಿದ ಹ್ಯಾಟಾದರೆ ಅದನ್ನು ಹುಷಾರಾಗಿ ಬಿಚ್ಚಿ ಎತ್ತಿಡಿ. ಅಗಲದಲ್ಲಿ 1 ಸೆಂಟಿಮೀಟರ್ ಹೋದರೆ ಸುತ್ತಳತೆಯಲ್ಲಿ ಸುಮಾರು 6.3 ಸೆಂಟಿಮೀಟರ್ ಹೋಗುತ್ತದೆ, ಆದ್ದರಿಂದ ಅದೇ ರಿಬ್ಬನ್ ತಿರುಗಿ ಹೊಲಿಯಲು ಸಾಕಾಗಿ ಮಿಗುತ್ತದೆ. ಜೋಡಣೆ ಹಿಂಭಾಗದಲ್ಲಿ ಬರಲಿ. ಫೆಲ್ಟನ್ನೇ ಮಡಚಿ ಹೊಲಿದ ವೆಲ್ಟ್ ಅಂಚು ನಿಮ್ಮ ಹ್ಯಾಟಿನಲ್ಲಿದ್ದರೆ ಕತ್ತರಿ ಮುಟ್ಟಿಸಲೇಬೇಡಿ. ಆ ಮಡಿಕೆ ಹೋದರೆ ಮನೆಯಲ್ಲಿ ಮತ್ತೆ ಕೂರಿಸುವ ದಾರಿಯಿಲ್ಲ. ಅದಕ್ಕೆ ಹಬೆ ಮಾತ್ರ.