ಪಿನ್ನು ಕೂತಿತು, ಧಾರವಾಡ ಬರಲಿಲ್ಲ

ಬನಹಟ್ಟಿಯ ಸೀರೆ ವ್ಯಾಪಾರಿ ಗೆಳೆಯರೊಬ್ಬರು ಹೋದ ವಾರ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಕಂಪನಿಯವರು ಕೊಟ್ಟ ರೇಡಿಯೊ ತೆಗೆಸಿ ದೊಡ್ಡ ಪರದೆಯ ಆಂಡ್ರಾಯ್ಡ್ ಸೆಟ್ ಹಾಕಿಸಿದ್ದಾರೆ. "ಹಾಡು ಬರ್ತಾವ್ರಿ, ನಕ್ಷಾ ಬರ್ತದ. ವಿಜಯಪುರ ಎಫ್‌ಎಂ ಮಾತ್ರ ಹೊಳಿ ದಾಟಿ ಜಮಖಂಡಿ ಕಡೆ ಬಂದ್ರ ಬರೀ ಸುಂಯ್ ಅಂತದ. ಮೊದಲ ಹಿಂಗಿದ್ದಿಲ್ರಿ" ಅಂದರು.

ಸೆಟ್ಟನ್ನು ಹೊರಗೆಳೆದು ನೋಡಿದೆ. ಕಾರಿನ ಏರಿಯಲ್ ವೈರಿನ ತುದಿಯಲ್ಲಿ ಚೌಕದ ಪುಟ್ಟ ಪ್ಲಾಸ್ಟಿಕ್ ಗೂಡು, ಅದಕ್ಕೆ ಫಾಕ್ರಾ ಅನ್ನುತ್ತಾರೆ. ಹೊಸ ಸೆಟ್ಟಿನ ಬೆನ್ನಿಗೆ ಹಳೆಯ ಕಾಲದ ದುಂಡು ರಂಧ್ರ. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದ್ದರು, ಗಟ್ಟಿಯಾಗಿಯೇ ಕೂತಿತ್ತು. ಕೊರತೆ ಇದ್ದದ್ದು ಕರೆಂಟಿನದು. 101.8 ಮೆಗಾಹರ್ಟ್ಸ್‌ನ ವಿಜಯಪುರವನ್ನು ಹಿಡಿಯಲು ಸುಮಾರು 75 ಸೆಂಟಿಮೀಟರ್ ಉದ್ದದ ಕಡ್ಡಿ ಬೇಕು. ಇವರ ಛಾವಣಿಯ ಮೇಲಿರುವುದು ಒಂದು ಗೇಣು. ಆ ಕೊರತೆ ತುಂಬಲು ಏರಿಯಲ್ ಬುಡದಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಕಂಪನಿಯ ರೇಡಿಯೊ ಅದೇ ವೈರಿನೊಳಗಿಂದ ಅದಕ್ಕೆ 12 ವೋಲ್ಟ್ ಕಳಿಸುತ್ತಿತ್ತು. ಹೊಸ ಸೆಟ್ಟಿನಲ್ಲಿ ಆ ಕರೆಂಟು ಬೇರೆ ನೀಲಿ ವೈರಿನಲ್ಲಿ ಬರುತ್ತದೆ, ಅದನ್ನು ಟೇಪು ಸುತ್ತಿ ಮೂಲೆಗೆ ತುರುಕಿದ್ದರು. ನೀಲಿ ಬಾಲವಿರುವ ಅಡಾಪ್ಟರ್ ತಂದು ಎರಡನ್ನೂ ಕೂಡಿಸಿದ ಮೇಲೆ ವಿಜಯಪುರ ಮತ್ತೆ ಬನಹಟ್ಟಿಯವರೆಗೆ ಬಂತು.

ಅವರ ಕೆಲಸ ಅರ್ಧ ತಾಸಿನದು. ನನ್ನ ಅಂಬಾಸಿಡರ್ ಕಥೆ ಬೇರೆ. ಅದು ನಡೆದದ್ದು ಸುಮಾರು ವರ್ಷಗಳ ಹಿಂದೆ, ಕಬ್ಬಿನ ಹಂಗಾಮಿನಲ್ಲಿ. ಮುಧೋಳ ರಸ್ತೆಯಲ್ಲಿ ಡಬಲ್ ಟ್ರೇಲರ್ ಒಂದಕ್ಕೆ ದಾರಿ ಬಿಟ್ಟು ಬದಿಗೆ ನಿಂತಿದ್ದೆ. ಹೊರಗೆ ಚಾಚಿಕೊಂಡಿದ್ದ ಕಬ್ಬಿನ ಗಳಗಳು ಸವರಿಕೊಂಡು ಹೋದವು, ಫೆಂಡರ್ ಮೇಲಿನ ಏರಿಯಲ್ ಬುಡಕ್ಕೇ ಮುರಿಯಿತು.

ಹೊಸ ಏರಿಯಲ್ ತಂದರೆ ಅದರ ವೈರು ಡ್ಯಾಶ್‌ಬೋರ್ಡ್ ಮುಟ್ಟಲಿಲ್ಲ, ಪಿನ್ನೂ ಬೇರೆ. ಗ್ಯಾರೇಜಿನ ಹುಡುಗ ಹೇಳಿದ: "ಟಿವಿ ಕೇಬಲ್ ಹಚ್ಚಿ ಉದ್ದ ಮಾಡೂಣ್ರಿ ಸಾಹೇಬ್ರ, ಏನೂ ಆಗಂಗಿಲ್ಲ." ಎರಡು ಮೀಟರ್ ಟಿವಿ ಕೇಬಲ್ಲು, ಎರಡೂ ಕಡೆ ತಿರುವಿದ ಗಂಟು, ಮೇಲೆ ಕರಿ ಟೇಪು. ಆಮೇಲೆ ತಿರುಗಿಸಿದರೆ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡವೇ ಇಲ್ಲ! ಎಂಜಿನ್ನಿನ ಟಕಟಕ ಮಾತ್ರ.

ನನಗೆ ಊಟ ಸೇರಲಿಲ್ಲ. ಧಾರವಾಡ ಆಕಾಶವಾಣಿ 1950ರ ಜನವರಿ 8ರಿಂದ ಈ ನಾಡಿನ ಕಿವಿಯಲ್ಲಿದೆ. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ನಿಲಯ ಅದು, ಎನ್ಕೆಯವರಂಥ ಕಾದಂಬರಿಕಾರರು ದುಡಿದ ನಿಲಯ. ಬೀಳಗಿಯಿಂದ ರಬಕವಿಯವರೆಗೆ ನಮ್ಮ ಎರೆ ಭೂಮಿ ಮಧ್ಯಮ ತರಂಗವನ್ನು ಚೆನ್ನಾಗಿ ಹೊತ್ತು ತರುತ್ತದೆ. ನೂರು ಕಿಲೋಮೀಟರಿಗೂ ಆಚೆಯಿಂದ ನನ್ನ ಬಾನೆಟ್ಟಿನವರೆಗೆ ಬಂದ ದನಿ, ಕೊನೆಯ ಎರಡು ಮೀಟರಿನಲ್ಲಿ ಸತ್ತಿತ್ತು.

ಯಾಕೆಂದರೆ, 765 ಕಿಲೋಹರ್ಟ್ಸ್‌ನ ಒಂದು ಅಲೆ 392 ಮೀಟರ್ ಉದ್ದ. ಕಾರಿನ ಕಡ್ಡಿ ಅದರ ಮುಂದೆ ಏನೇನೂ ಅಲ್ಲ. ಅಷ್ಟು ಗಿಡ್ಡ ಕಡ್ಡಿ ಮಧ್ಯಮ ತರಂಗಕ್ಕೆ ಸುಮಾರು 10 ಪಿಕೋಫ್ಯಾರಡ್‌ನ ಒಂದು ಸಣ್ಣ ಕೆಪಾಸಿಟರ್ ಆಗಿ ಉಳಿಯುತ್ತದೆ. ಟಿವಿ ಕೇಬಲ್ಲಿನ ಒಂದು ಮೀಟರೇ 50 ಪಿಕೋಫ್ಯಾರಡ್ ದಾಟುತ್ತದೆ. ಕಾಲುವೆಯ ಮೇಲುಗಡೆ ಹೊಲಗಳೇ ನೀರು ಕುಡಿದರೆ ಟೇಲ್ ಎಂಡ್‌ನ ರೈತನಿಗೆ ಏನು ಉಳಿದೀತು? ರೇಡಿಯೊ ಆ ಟೇಲ್ ಎಂಡ್ ರೈತ. ಕಾರಿಗೆಂದೇ ಮಾಡಿದ ಏರಿಯಲ್ ಕೇಬಲ್ಲನ್ನು ಸುಲಿದು ನೋಡಿ: ಕೂದಲೆಳೆಯಂಥ ತಂತಿಯೊಂದು ಅಂಕುಡೊಂಕಾಗಿ, ಅಗಲವಾದ ಪ್ಲಾಸ್ಟಿಕ್ ನಳಿಕೆಯೊಳಗೆ ಸಡಿಲವಾಗಿ ಓಡುತ್ತದೆ. ಸುತ್ತ ಗಾಳಿ. ನೀರು ಕುಡಿಯದ ಕಾಲುವೆ ಅದು. ಎಫ್‌ಎಂ ಮಾತ್ರ ಕೇಳುವವರಿಗೆ ಟಿವಿ ಕೇಬಲ್ ನಡೆದೀತು. ಧಾರವಾಡ ಬೇಕೆನ್ನುವವರು ಅದನ್ನು ಮುಟ್ಟಬಾರದು.

ಗುಜರಿಯಿಂದ ಹಳೆಯ ಕಾರಿನ ಏರಿಯಲ್ ಕೇಬಲ್ ತುಂಡು ತಂದು, ಬೇಕಾದಷ್ಟೇ ಉದ್ದ ಇಟ್ಟು, ಒಂದೇ ಕಡೆ ಬೆಸುಗೆ ಹಾಕಿದೆ. ಒಳತಂತಿಯನ್ನು ಮೊದಲು ಬೆಸೆದು ಸ್ಲೀವ್ ಏರಿಸಬೇಕು. ಕಾವು ಒಂದು ಕ್ಷಣ ಹೆಚ್ಚಾದರೂ ನಳಿಕೆ ಕರಗಿ ತಂತಿ ಅದರ ಹೊರಗೆ ಹೊದಿಸಿದ ಲೋಹದ ಜಾಲರಿಗೆ ತಾಗುತ್ತದೆ. ಆಮೇಲೆ ಹೊರಜಾಲರಿಯನ್ನು ಎಳೆಎಳೆಯಾಗಿ ಬಿಡಿಸಿ, ಗಂಟಿನ ಸುತ್ತ ಪೂರ್ತಿ ಹೊದಿಸಿ ಬೆಸೆಯಬೇಕು. ಹುಡುಗ ಜಾಲರಿಯನ್ನು ಹುರಿ ಮಾಡಿ ಒಂದು ಬದಿಗೆ ಕಟ್ಟಿದ್ದ. ಸ್ಪಾರ್ಕ್ ಪ್ಲಗ್ಗಿನ ಟಕಟಕ ಒಳಗೆ ನುಗ್ಗಿದ್ದು ಆ ಸಂದಿಯಿಂದ.

ಇನ್ನರ್ಧ ಟಕಟಕ ಫೆಂಡರಿನಲ್ಲಿತ್ತು. ಏರಿಯಲ್ ಬುಡದ ಹಲ್ಲಿನ ವಾಷರ್ ಬಣ್ಣದ ಮೇಲೆ ಕೂತಿತ್ತು. ಫೆಂಡರಿನ ಅಡಿಯ ಬಣ್ಣವನ್ನು ತಗಡು ಹೊಳೆಯುವವರೆಗೆ ಕೆರೆದು, ತುಕ್ಕು ಹಿಡಿಯದಂತೆ ಗ್ರೀಸ್ ಸವರಿ ಬಿಗಿದೆ. ಮೀಟರ್ ಹಿಡಿದು ಮೂರು ಮಾತು ಕೇಳಿಕೊಂಡೆ: ಕಡ್ಡಿಯ ತುದಿಯಿಂದ ಪಿನ್ನಿನ ತುದಿಗೆ ದಾರಿ ಇದೆಯೇ, ಜಾಲರಿಯಿಂದ ಬಾಡಿಗೆ ಇದೆಯೇ, ಪಿನ್ನಿನಿಂದ ಜಾಲರಿಗೆ ಇಲ್ಲವೇ.

ಕೊನೆಯ ಕೆಲಸವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಹಳೆಯ ಕಾರ್ ರೇಡಿಯೊಗಳಲ್ಲಿ ಏರಿಯಲ್ ರಂಧ್ರದ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದೇ ಟ್ರಿಮ್ಮರ್. ಹೊಸ ಕಡ್ಡಿ, ಹೊಸ ಕೇಬಲ್ಲಿಗೆ ರೇಡಿಯೊವನ್ನು ಹೊಂದಿಸುವುದು ಅದು. ಕಡ್ಡಿಯನ್ನು ಪೂರ್ತಿ ಎಳೆದು, ಮುಳ್ಳನ್ನು ಮೇಲ್ತುದಿಯ ಕಡೆ ಒಂದು ಕ್ಷೀಣ ನಿಲಯಕ್ಕೆ ತಂದು, ದನಿ ದೊಡ್ಡದಾಗುವಲ್ಲಿ ಸ್ಕ್ರೂ ನಿಲ್ಲಿಸಬೇಕು. ನಾನು ಹಿಡಿದದ್ದು 1251ರ ಸಾಂಗ್ಲಿ. ಕಾಲು ಸುತ್ತು ತಿರುಗಿಸಿದೆ, ಗೊಣಗುತ್ತಿದ್ದ ಮರಾಠಿ ಮಾತು ಬಿಡಿಸಿಕೊಂಡು ಬಂತು. ಇನ್ನೊಂದು ಕೂದಲೆಳೆ ತಿರುಗಿಸಿದೆ, ಮತ್ತೆ ಇಳಿಯಿತು. ಹಿಂದಕ್ಕೆ ತಂದು ಬಿಟ್ಟೆ. ಆಮೇಲೆ ಮುಳ್ಳನ್ನು 765ಕ್ಕೆ ಸರಿಸಿದರೆ ಯಾರೋ ತಂಬೂರಿ ಶ್ರುತಿ ಮಾಡುತ್ತಿದ್ದರು. ಎಂಜಿನ್ ಚಾಲೂ ಮಾಡಿದೆ. ತಂಬೂರಿ ಅಲುಗಲಿಲ್ಲ.

ಈಗ ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ, ಎದುರಿಗೆ ಟ್ರೇಲರ್ ಕಂಡ ಕೂಡಲೇ ಬದಿಗೆ ನಿಂತು, ಇಳಿದು, ಕಡ್ಡಿಯನ್ನು ಒಳಗೆ ಒತ್ತಿಬಿಡುತ್ತೇನೆ.